ಹೊರಗಿನವರಿಗೊಂದು ಕುರ್ಚಿ

ಬಯೋಎಥಿಕ್ಸ್ ಅಥವಾ ಜೈವಿಕ ನೀತಿಶಾಸ್ತ್ರದ, ಅಂದರೆ ಚಿಕಿತ್ಸೆ ಮತ್ತು ಸಂಶೋಧನೆಗಳಲ್ಲಿ ಸರಿತಪ್ಪು ಕೇಳುವ ಶಾಸ್ತ್ರದ, ಕಥೆ ಹೇಳಹೊರಟವರೆಲ್ಲ ಜರ್ಮನಿಯ ನ್ಯೂರೆಂಬರ್ಗ್‌ನಿಂದಲೇ ಶುರು ಮಾಡುತ್ತಾರೆ. ಎರಡನೇ ಮಹಾಯುದ್ಧ ಮುಗಿದ ಮೇಲೆ, 1946ರ ಡಿಸೆಂಬರ್ 9ರಂದು, ಅಲ್ಲಿನ ನ್ಯಾಯಾಲಯದ ಕಟಕಟೆಗೆ 23 ಮಂದಿ ಬಂದರು. ಅವರಲ್ಲಿ 20 ಮಂದಿ ವೈದ್ಯರು. ನಾತ್ಸಿ ಯಾತನಾ ಶಿಬಿರಗಳ ಕೈದಿಗಳನ್ನು ಮಂಜಿನ ನೀರಿನಲ್ಲಿ ಮುಳುಗಿಸಿಟ್ಟು ಎಷ್ಟು ಹೊತ್ತಿಗೆ ಪ್ರಾಣ ಹೋಗುತ್ತದೆ ಎಂದು ಬರೆದುಕೊಂಡದ್ದು, ಕುಡಿಯಲು ಸಮುದ್ರದ ನೀರನ್ನೇ ಕೊಟ್ಟು ನೋಡಿದ್ದು, ಬೇಕೆಂದೇ ಗಾಯ ಮಾಡಿ ಅದರೊಳಗೆ ಸೋಂಕು ತುಂಬಿದ್ದು, ಎಲ್ಲವೂ ವಿಚಾರಣೆಗೆ ಬಂತು. 1947ರ ಆಗಸ್ಟ್‌ನಲ್ಲಿ ತೀರ್ಪು ಹೊರಬಿದ್ದಾಗ 16 ಮಂದಿ ತಪ್ಪಿತಸ್ಥರೆಂದಾಯಿತು, ಏಳು ಮಂದಿಗೆ ಗಲ್ಲು ಶಿಕ್ಷೆಯಾಯಿತು. ಆ ತೀರ್ಪಿನೊಳಗೇ ನ್ಯಾಯಾಧೀಶರು ಹತ್ತು ಅಂಶಗಳ ಒಂದು ಸಂಹಿತೆಯನ್ನು ಸೇರಿಸಿದರು. ಪ್ರಯೋಗಕ್ಕೆ ಒಳಗಾಗುವ ವ್ಯಕ್ತಿಯ ಸ್ವಇಚ್ಛೆಯ ಸಮ್ಮತಿ ಇರಲೇಬೇಕು ಎಂಬುದು ಅದರ ಮೊದಲ ಮಾತು.

ಇಷ್ಟನ್ನೇ ಹೇಳಿದರೆ, ಮೊದಲು ನಿಯಮವಿರಲಿಲ್ಲ, ಆದ್ದರಿಂದ ಅನಾಹುತವಾಯಿತು, ಆಮೇಲೆ ನಿಯಮ ಬಂತು ಎಂದು ಕೇಳಿದವರು ಸಮಾಧಾನಪಟ್ಟುಕೊಳ್ಳುತ್ತಾರೆ. ನಿಜ ಸಂಗತಿ ಅಷ್ಟು ಸಲೀಸಾಗಿಲ್ಲ. ಹಿಟ್ಲರ್ ಅಧಿಕಾರಕ್ಕೆ ಬರುವ ಎರಡು ವರ್ಷ ಮೊದಲು, 1931ರಲ್ಲಿ, ಜರ್ಮನಿಯ ಗೃಹ ಸಚಿವಾಲಯವೇ ಹೊಸ ಚಿಕಿತ್ಸೆಗಳ ಬಗ್ಗೆ, ಮನುಷ್ಯರ ಮೇಲಿನ ಪ್ರಯೋಗಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿತ್ತು. ಹಿಂದಿನ ವರ್ಷವಷ್ಟೇ ಲ್ಯೂಬೆಕ್ ನಗರದಲ್ಲಿ ಕ್ಷಯದ ರೋಗಾಣು ಬೆರೆತ ಬಿಸಿಜಿ ಲಸಿಕೆಯಿಂದ 70ಕ್ಕೂ ಹೆಚ್ಚು ಹಸುಗೂಸುಗಳು ಸತ್ತಿದ್ದವು. ಆ ಮಾರ್ಗಸೂಚಿಯನ್ನು ಈಗ ಓದಿದರೆ ಬೆರಗಾಗುತ್ತದೆ. ವಿಷಯ ತಿಳಿಸಿ, ಸ್ಪಷ್ಟವಾದ ಒಪ್ಪಿಗೆ ಪಡೆಯಬೇಕು. ಜನರ ಬಡತನವನ್ನು ದುರುಪಯೋಗ ಮಾಡಿಕೊಳ್ಳಬಾರದು. ಮಕ್ಕಳ ವಿಷಯದಲ್ಲಿ ಕಿಂಚಿತ್ತೂ ಅಪಾಯವಿರುವ ಪ್ರಯೋಗ ಕೂಡದು. ಕೆಲವು ಅಂಶಗಳಲ್ಲಿ ಅದು ನ್ಯೂರೆಂಬರ್ಗ್ ಸಂಹಿತೆಗಿಂತಲೂ ಬಿಗಿಯಾಗಿತ್ತು. ಆ ಕಾಗದ ಇದ್ದ ದೇಶವೇ ಆಶ್ವಿಟ್ಜ್ ಯಾತನಾ ಶಿಬಿರವನ್ನು ನಡೆಸಿತು.

ಹಾಗಾಗಿ ಈ ಶಾಸ್ತ್ರದ ಹುಟ್ಟನ್ನು ತತ್ವಗಳಲ್ಲಿ ಹುಡುಕುವುದು ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ತತ್ವಗಳು ಹಳೆಯವು. ವೈದ್ಯರು ಮತ್ತು ಸಂಶೋಧಕರು ಬಾಗಿಲು ಮುಚ್ಚಿಕೊಂಡು ತೀರ್ಮಾನಿಸುತ್ತಿದ್ದ ಕೋಣೆಯಲ್ಲಿ, ಆ ವೃತ್ತಿಗೆ ಸೇರದವರಿಗೂ ಒಂದು ಕುರ್ಚಿ ಹಾಕಬೇಕಾಗಿ ಬಂದದ್ದು ಹೊಸದು. ಆ ಕುರ್ಚಿ ಯಾರೂ ಪ್ರೀತಿಯಿಂದ ಹಾಕಿಕೊಟ್ಟದ್ದಲ್ಲ.

ಹಳೆಯ ವೈದ್ಯನೀತಿ ಕೆಟ್ಟದಾಗಿತ್ತು ಎಂದಲ್ಲ. ರೋಗಿಯ ಹಿತಕ್ಕಾಗಿ ದುಡಿ, ಅವನ ಮನೆಯ ಗುಟ್ಟನ್ನು ಹೊರಗೆ ಆಡಬೇಡ, ಅವನನ್ನು ದುರ್ಬಳಕೆ ಮಾಡಿಕೊಳ್ಳಬೇಡ ಎಂಬ ಮಾತುಗಳು ಪ್ರಾಚೀನ ಗ್ರೀಕ್ ವೈದ್ಯ ಹಿಪೊಕ್ರೆಟಿಸ್‌ನ ಹೆಸರಿನ ಪ್ರಮಾಣದಲ್ಲೂ ಇವೆ, ಚರಕ ಸಂಹಿತೆಯ ವಿಮಾನಸ್ಥಾನವೆಂಬ ಭಾಗದಲ್ಲಿ ಶಿಷ್ಯನಿಗೆ ಕೊಡುವ ಉಪದೇಶದಲ್ಲೂ ಇವೆ. ಆದರೆ ಇವೆರಡೂ ಪರಂಪರೆಗಳು ಇನ್ನೊಂದು ವಿಷಯದಲ್ಲೂ ಒಂದಾಗುತ್ತವೆ. ರೋಗಿಯ ಆಯುಷ್ಯ ಮುಗಿಯುತ್ತ ಬಂದಿದೆ ಎಂದು ಗೊತ್ತಾದರೂ, ಆಘಾತವಾಗುವಂತಿದ್ದರೆ ಅದನ್ನು ಹೇಳಬಾರದು ಎನ್ನುತ್ತಾನೆ ಚರಕ. ಚಿಕಿತ್ಸೆ ಮಾಡುವಾಗ ಹೆಚ್ಚಿನ ಸಂಗತಿಗಳನ್ನು ರೋಗಿಯಿಂದ ಮರೆಮಾಡು ಎನ್ನುತ್ತದೆ ಹಿಪೊಕ್ರೆಟಿಸ್‌ನ ಹೆಸರಿಗೆ ಸೇರಿದ ಒಂದು ಗ್ರಂಥ. ಎರಡೂ ಕಡೆ ವೈದ್ಯನಿಗೆ ಕರ್ತವ್ಯಗಳಿವೆ, ರೋಗಿಗೆ ಕಾಳಜಿ ಸಿಗುತ್ತದೆ, ಪ್ರಶ್ನೆ ಕೇಳುವ ಜಾಗ ಮಾತ್ರ ಯಾರಿಗೂ ಇಲ್ಲ. ವೈದ್ಯ ಒಳ್ಳೆಯವನಾಗಿರುವವರೆಗೆ ಈ ಏರ್ಪಾಡು ನಡೆಯುತ್ತದೆ. ಅವನು ಒಳ್ಳೆಯವನೋ ಅಲ್ಲವೋ ಎಂದು ತೀರ್ಮಾನಿಸುವವರೂ ವೈದ್ಯರೇ ಆಗಿರುವುದರಲ್ಲಿದೆ ತೊಡಕು.

ನ್ಯೂರೆಂಬರ್ಗ್ ಸಂಹಿತೆ ಬಂದ ಮೇಲೂ ಇದು ಬದಲಾಗಲಿಲ್ಲ. ಅಮೆರಿಕದ ವೈದ್ಯಲೋಕದಲ್ಲಿ ಅದನ್ನು ಓದಿದವರು ಕಡಿಮೆ. ಓದಿದವರಿಗೂ ಅದು ರಾಕ್ಷಸರಿಗೆ ಬರೆದ ಕಟ್ಟಳೆ, ತಮಗೆ ಸಂಬಂಧಿಸಿದ್ದಲ್ಲ ಎನಿಸಿತ್ತು. ನ್ಯೂರೆಂಬರ್ಗ್‌ನಲ್ಲಿ ಆರೋಪಿಗಳ ವಕೀಲರು ಅಮೆರಿಕದವರನ್ನು, ನಿಮ್ಮ ದೇಶದ ಜೈಲುಗಳಲ್ಲೂ ಕೈದಿಗಳ ಮೇಲೆ ಮಲೇರಿಯಾ ಪ್ರಯೋಗ ನಡೆದಿಲ್ಲವೇ ಎಂದು ಕೇಳಿದ್ದರು. ಅವರಿಗೆ ಗೊತ್ತಿರದ ಸಂಗತಿ ಬೇರೆಯೇ ಇತ್ತು. ಅಲ್ಲಿ ವಿಚಾರಣೆ ನಡೆಯುತ್ತಿದ್ದ ಅದೇ ತಿಂಗಳುಗಳಲ್ಲಿ, 1946ರಿಂದ 1948ರ ನಡುವೆ, ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆಯ ವೈದ್ಯರು ಗ್ವಾಟೆಮಾಲಾದಲ್ಲಿ ಕೈದಿಗಳಿಗೆ, ಸೈನಿಕರಿಗೆ, ಮಾನಸಿಕ ಆಸ್ಪತ್ರೆಯ ರೋಗಿಗಳಿಗೆ ಬೇಕೆಂದೇ ಲೈಂಗಿಕ ರೋಗಗಳನ್ನು ಅಂಟಿಸುತ್ತಿದ್ದರು. ಇದು ಲೋಕಕ್ಕೆ ತಿಳಿದದ್ದು 2010ರಲ್ಲಿ, ಇತಿಹಾಸಕಾರ್ತಿಯೊಬ್ಬರು ಹಳೆಯ ಕಡತಗಳನ್ನು ತೆರೆದು ನೋಡಿದ ನಂತರ.

ಅದೇ ಸೇವೆಯ ಇನ್ನೊಂದು ಕೆಲಸ ಟಸ್ಕೀಗಿ ಅಧ್ಯಯನ. ಇದರ ಹೆಸರು ಕೇಳಿರುವವರು ಬಹಳ, ವಿವರ ಬಲ್ಲವರು ಕಡಿಮೆ. ಅಲಬಾಮಾ ರಾಜ್ಯದ ಮೇಕನ್ ಕೌಂಟಿಯಲ್ಲಿ 1932ರಲ್ಲಿ ಆರಂಭವಾದ ಇದರಲ್ಲಿ ಇದ್ದವರು ಸುಮಾರು 600 ಕಪ್ಪು ಜನಾಂಗದ ಗಂಡಸರು. 399 ಮಂದಿಗೆ ಸಿಫಿಲಿಸ್ ಎಂಬ ಲೈಂಗಿಕ ರೋಗ ಇತ್ತು, ಉಳಿದವರು ಹೋಲಿಕೆಗಾಗಿ. ಬಹುತೇಕರು ಗೇಣಿಗೆ ದುಡಿಯುವ ಬಡ ರೈತರು. ನಿಮಗೆ 'ಕೆಟ್ಟ ರಕ್ತ' ಇದೆ, ಚಿಕಿತ್ಸೆ ಕೊಡುತ್ತೇವೆ ಎಂದು ಅವರಿಗೆ ಹೇಳಲಾಯಿತು. ಅಸಲಿಗೆ ಚಿಕಿತ್ಸೆ ಕೊಡದೆ ಬಿಟ್ಟರೆ ಸಿಫಿಲಿಸ್ ಸಾಯುವವರೆಗೆ ದೇಹದಲ್ಲಿ ಏನೇನು ಮಾಡುತ್ತದೆ ಎಂದು ನೋಡುವುದು ಉದ್ದೇಶವಾಗಿತ್ತು. ಸತ್ತ ಮೇಲೆ ಶವವನ್ನು ಕೊಯ್ದು ನೋಡಬೇಕಿತ್ತು. ಅದಕ್ಕೆ ಮನೆಯವರು ಒಪ್ಪಲೆಂದು ಶವಸಂಸ್ಕಾರದ ಖರ್ಚು ಕೊಡುತ್ತಿದ್ದರು. ಪರೀಕ್ಷೆಯ ದಿನ ಬಿಸಿ ಊಟ. ಕರೆತರಲು ಕಾರು. ಕಾರಿನಲ್ಲಿ ಅವರ ಕಷ್ಟಸುಖ ವಿಚಾರಿಸುವ, ಅವರದೇ ಜನಾಂಗದ ಒಬ್ಬ ದಾದಿ, ಯೂನಿಸ್ ರಿವರ್ಸ್.

ಆ ಅಧ್ಯಯನದ ಒಂದು ಪತ್ರ ಉಳಿದಿದೆ. ಬೆನ್ನುಹುರಿಯಿಂದ ದ್ರವ ತೆಗೆಯುವ ಪರೀಕ್ಷೆಗೆ ಗಂಡಸರನ್ನು ಬರಮಾಡಿಕೊಳ್ಳಲು ಬರೆದದ್ದು. ಸೂಜಿ ಬೆನ್ನಿಗೆ ಚುಚ್ಚುತ್ತದೆ, ನೋವಾಗುತ್ತದೆ, ಅದರಿಂದ ರೋಗಿಗೆ ಯಾವ ಗುಣವೂ ಇಲ್ಲ. ಪತ್ರದಲ್ಲಿ ಇವು ಯಾವುವೂ ಇಲ್ಲ. ಅಲ್ಲಿ ದಪ್ಪ ಅಕ್ಷರಗಳಲ್ಲಿ ಇರುವುದು, ವಿಶೇಷ ಉಚಿತ ಚಿಕಿತ್ಸೆಗೆ ಇದು ನಿಮಗೆ ಕೊನೆಯ ಅವಕಾಶ, ತಪ್ಪದೆ ದಾದಿಯನ್ನು ಕಾಣಿ ಎಂಬ ಒಕ್ಕಣೆ. ವಂಚನೆಯ ಭಾಷೆ ಬೆದರಿಕೆಯದ್ದೇ ಆಗಬೇಕಿಲ್ಲ. ಈ ಪತ್ರದ ಧಾಟಿ ಉಪಕಾರ ಮಾಡುವವರದ್ದು, ಬರೆದವರಿಗೂ ಉಪಕಾರ ಮಾಡುತ್ತಿದ್ದೇವೆ ಎಂದೇ ಅನಿಸಿದ್ದಿರಬಹುದು. ನನಗೆ ಹೆಚ್ಚು ಇರಿಸುಮುರಿಸಾಗುವುದು ಅದರಿಂದಲೇ.

1940ರ ದಶಕದ ಕೊನೆಗೆ ಪೆನಿಸಿಲಿನ್ ಎಲ್ಲೆಡೆ ಸಿಫಿಲಿಸ್‌ನ ಮದ್ದಾಯಿತು. ಇವರಿಗೆ ಕೊಡಲಿಲ್ಲ. ಇಲ್ಲಿ ಗಮನಿಸಬೇಕಾದದ್ದು, ಈ ಅಧ್ಯಯನ ಗುಟ್ಟಾಗಿ ನಡೆಯಲಿಲ್ಲ. 1936ರಿಂದಲೇ ಅದರ ಫಲಿತಾಂಶಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಅಚ್ಚಾಗುತ್ತಿದ್ದವು. 'ಚಿಕಿತ್ಸೆ ಪಡೆಯದ ಸಿಫಿಲಿಸ್' ಎಂಬ ಮಾತು ಲೇಖನದ ಶೀರ್ಷಿಕೆಯಲ್ಲೇ ಇರುತ್ತಿತ್ತು. ದಶಕಗಟ್ಟಲೆ ವೈದ್ಯರು ಅದನ್ನು ಓದಿದರು, ಪುಟ ತಿರುಗಿಸಿದರು. 1965ರಲ್ಲಿ ಒಬ್ಬ ಯುವ ವೈದ್ಯ ಇದೇನು ಎಂದು ಕೇಳಿ ಪತ್ರ ಬರೆದ. ಅವನಿಗೆ ಉತ್ತರವೇ ಬರಲಿಲ್ಲ. ಅದೇ ಸೇವೆಯಲ್ಲಿ ಲೈಂಗಿಕ ರೋಗಿಗಳ ಸಂದರ್ಶನ ಮಾಡುವ ಕೆಲಸಕ್ಕಿದ್ದ, ವೈದ್ಯನಲ್ಲದ ಪೀಟರ್ ಬಕ್ಸ್‌ಟನ್ 1966ರಲ್ಲಿ ಮೇಲಿನವರಿಗೆ ದೂರು ಕೊಟ್ಟ, 1968ರಲ್ಲಿ ಮತ್ತೆ ಕೊಟ್ಟ. 1969ರಲ್ಲಿ ಸಮಿತಿಯೊಂದು ಕೂತು ಚರ್ಚಿಸಿ, ಅಧ್ಯಯನ ಮುಂದುವರಿಯಲಿ ಎಂದಿತು. ಕೊನೆಗೆ ಬಕ್ಸ್‌ಟನ್ ಕಾಗದಗಳನ್ನು ಸುದ್ದಿಸಂಸ್ಥೆಯ ಪರಿಚಯಸ್ಥರಿಗೆ ಒಪ್ಪಿಸಿದ. 1972ರ ಜುಲೈ 25ರಂದು ಜೀನ್ ಹೆಲ್ಲರ್ ಎಂಬ ವರದಿಗಾರ್ತಿಯ ಸುದ್ದಿ ಹೊರಬಂತು, ಅದೇ ವರ್ಷ ಅಧ್ಯಯನ ನಿಂತಿತು. ವೈದ್ಯಪತ್ರಿಕೆಗಳ ಓದುಗರಿಗೆ 36 ವರ್ಷ ಕಾಣದೇ ಇದ್ದದ್ದು ದಿನಪತ್ರಿಕೆಯ ಓದುಗರಿಗೆ ಒಂದು ಬೆಳಗ್ಗೆಯಲ್ಲಿ ಕಂಡಿತು.

ವೃತ್ತಿಯ ಒಳಗಿನಿಂದ ಮಾತಾಡಿದವರೇ ಇರಲಿಲ್ಲ ಎನ್ನುವುದು ಅನ್ಯಾಯವಾದೀತು. ಹಾರ್ವರ್ಡ್‌ನಲ್ಲಿ ಅರಿವಳಿಕೆ ತಜ್ಞನಾಗಿದ್ದ ಹೆನ್ರಿ ಬೀಚರ್ 1966ರಲ್ಲಿ, ಪ್ರತಿಷ್ಠಿತ ಪತ್ರಿಕೆಗಳಲ್ಲಿ ಬಂದ 22 ಸಂಶೋಧನೆಗಳನ್ನು ಎತ್ತಿಕೊಂಡು, ಇವು ನೀತಿಗೆಟ್ಟವು ಎಂದು ಬರೆದ. ಅವುಗಳಲ್ಲಿ ಒಂದು ಬ್ರೂಕ್ಲಿನ್‌ನ ಆಸ್ಪತ್ರೆಯದ್ದು: 1963ರಲ್ಲಿ 22 ವಯಸ್ಸಾದ ರೋಗಿಗಳಿಗೆ ಜೀವಂತ ಕ್ಯಾನ್ಸರ್ ಕೋಶಗಳನ್ನು ಚುಚ್ಚಿದ್ದರು, 'ಕೋಶಗಳು' ಎಂದಷ್ಟೇ ಹೇಳಿ. ಅದರ ಮುಖ್ಯ ಸಂಶೋಧಕ ಒಂದು ವರ್ಷ ನಿಗಾವಣೆಯ ಶಿಕ್ಷೆ ಅನುಭವಿಸಿ, ಆಮೇಲೆ ದೇಶದ ಕ್ಯಾನ್ಸರ್ ಸಂಶೋಧಕರ ಸಂಘಕ್ಕೆ ಅಧ್ಯಕ್ಷನೂ ಆದ! ಬೀಚರ್‌ನ ಧೈರ್ಯಕ್ಕೆ ಬೆಲೆ ಕೊಡಲೇಬೇಕು. ಆದರೆ ಅವನು ಸೂಚಿಸಿದ ಪರಿಹಾರ ನನಗೆ ನಿರಾಸೆ ತರುತ್ತದೆ. ರೋಗಿಗೆ ಅತ್ಯುತ್ತಮ ರಕ್ಷಣೆ ಎಂದರೆ ಬುದ್ಧಿವಂತ, ಆತ್ಮಸಾಕ್ಷಿಯುಳ್ಳ, ಜವಾಬ್ದಾರಿಯ ಸಂಶೋಧಕನೇ ಎಂದನಾತ. ರೋಗವನ್ನು ಅಷ್ಟು ಚೆನ್ನಾಗಿ ಹಿಡಿದುಕೊಟ್ಟು, ಮದ್ದಿನ ಜಾಗದಲ್ಲಿ ಮತ್ತೆ ಅದೇ ವೃತ್ತಿಯ ಆತ್ಮಸಾಕ್ಷಿಯನ್ನು ಬರೆದುಕೊಟ್ಟ.

ಹೊರಗಿನವರು ಬಂದುಬಿಟ್ಟರೆ ಎಲ್ಲ ಸರಿಹೋಗುತ್ತದೆಯೇ? ಈ ಪ್ರಶ್ನೆಗೆ ಅಮೆರಿಕದ ಸಿಯಾಟಲ್ ನಗರದ ಉತ್ತರ ಬೇರೆ. ಡಯಾಲಿಸಿಸ್ ಯಂತ್ರ 1940ರ ದಶಕದಲ್ಲೇ ಇತ್ತು. ಪ್ರತಿ ಸಲವೂ ರಕ್ತನಾಳವನ್ನು ಹೊಸದಾಗಿ ಕೊಯ್ಯಬೇಕಾಗಿದ್ದರಿಂದ ಕೆಲವೇ ಸಲ ಮಾಡಲು ಸಾಧ್ಯವಾಗುತ್ತಿತ್ತು. 1960ರಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ಎಂಬ ವೈದ್ಯ ಕೈಯಲ್ಲಿ ಕಾಯಂ ಆಗಿ ಉಳಿಯುವ ಟೆಫ್ಲಾನ್ ಕೊಳವೆಯನ್ನು ರೂಪಿಸಿದ. ಮೊದಲ ರೋಗಿ ಕ್ಲೈಡ್ ಶೀಲ್ಡ್ಸ್ ಅದರಿಂದ ಇನ್ನೂ 11 ವರ್ಷ ಬದುಕಿದ. ಕಿಡ್ನಿ ಕೆಟ್ಟವರು ವಾರಗಳಲ್ಲಿ ಸಾಯುತ್ತಿದ್ದ ಕಾಲದಲ್ಲಿ ಇದು ಪವಾಡವೇ ಸರಿ. ಆದರೆ ಯಂತ್ರಗಳು ಕೆಲವು, ರೋಗಿಗಳು ನೂರಾರು. ಯಾರನ್ನು ಉಳಿಸಬೇಕು ಎಂದು ಆರಿಸಲು ಏಳು ಜನರ ಸಮಿತಿ ಕೂತಿತು: ಒಬ್ಬ ವಕೀಲ, ಒಬ್ಬ ಪಾದ್ರಿ, ಒಬ್ಬ ಬ್ಯಾಂಕರ್, ಒಬ್ಬ ಗೃಹಿಣಿ, ಒಬ್ಬ ಸರ್ಕಾರಿ ಅಧಿಕಾರಿ, ಒಬ್ಬ ಕಾರ್ಮಿಕ ಮುಖಂಡ, ಒಬ್ಬ ಶಸ್ತ್ರಚಿಕಿತ್ಸಕ. ಹೆಸರು ಗುಪ್ತ, ಸಂಬಳವಿಲ್ಲ. ವೈದ್ಯರು ಮೊದಲ ಜರಡಿ ಹಿಡಿದು ಕಳಿಸಿದ ಪಟ್ಟಿಯಿಂದ ಇವರು ಆಯಬೇಕು.

1962ರ ನವೆಂಬರ್‌ನಲ್ಲಿ ಲೈಫ್ ಪತ್ರಿಕೆಯಲ್ಲಿ ಶಾನಾ ಅಲೆಕ್ಸಾಂಡರ್ ಈ ಸಮಿತಿಯ ಬಗ್ಗೆ ಬರೆದಳು. ಸದಸ್ಯರ ಚರ್ಚೆ ಆ ಲೇಖನದಲ್ಲಿದೆ. ವಯಸ್ಸೆಷ್ಟು, ಮದುವೆಯಾಗಿದೆಯೇ, ಮಕ್ಕಳೆಷ್ಟು, ಆದಾಯ ಎಷ್ಟು, ಆಸ್ತಿ ಎಷ್ಟು, ಓದು ಎಷ್ಟು, ಮನಸ್ಸು ಗಟ್ಟಿಯೇ. ಒಬ್ಬ ಅಭ್ಯರ್ಥಿ ಚರ್ಚಿನ ಕೆಲಸಗಳಲ್ಲಿ ಮುಂದೆ ಇರುತ್ತಾನೆ ಎಂಬುದು ಅವನ ಶೀಲಕ್ಕೆ ಸಾಕ್ಷಿಯಾಗುತ್ತದೆ. ಗಂಡ ಸತ್ತರೆ ಯಾರ ಹೆಂಡತಿಗೆ ಮರುಮದುವೆ ಸುಲಭ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಆ ಏಳೂ ಜನ ಕಟುಕರಲ್ಲ. ತಮ್ಮ ಮನೆಯ ಕೆಲಸ ಬಿಟ್ಟು ಬಂದು, ರಾತ್ರಿ ನಿದ್ದೆಗೆಟ್ಟು, ಯಾರೂ ಮಾಡಲೊಲ್ಲದ ಕೆಲಸವನ್ನು ಮಾಡಿದವರು. ಆದರೂ ಅವರ ಅಳತೆಗೋಲಿನಲ್ಲಿ ಉಳಿದವರು ಬಹುಮಟ್ಟಿಗೆ ಅವರಂಥವರೇ: ಸಂಸಾರಸ್ಥ, ಕೆಲಸಸ್ಥ, ಊರಿಗೆ ಬೇಕಾದವ. ಒಂಟಿ, ಅಲೆಮಾರಿ, ಯಾರ ಮಾತಿಗೂ ಬಗ್ಗದವನಿಗೆ ಅಲ್ಲಿ ಬದುಕಿಲ್ಲ. ಟೀಕೆ ಜೋರಾಗಿ ಬಂತು. 1972ರಲ್ಲಿ ಅಮೆರಿಕ ಸರ್ಕಾರ ಡಯಾಲಿಸಿಸ್ ಬೇಕಾದ ಬಹುತೇಕ ಎಲ್ಲರ ಖರ್ಚನ್ನೂ ವಹಿಸಿಕೊಳ್ಳುವ ಕಾನೂನು ಮಾಡಿದ ಮೇಲೆ ಆ ಸಮಿತಿಯ ಅಗತ್ಯವೇ ಹೋಯಿತು. ಹಂಚುವ ಪ್ರಶ್ನೆ ಹೋಗಲಿಲ್ಲ. ಅದು ಕಸಿಗೆ ಸಿಗುವ ಅಂಗಗಳ ಕಡೆಗೆ, ಸಾಂಕ್ರಾಮಿಕದ ಕಾಲದ ವೆಂಟಿಲೇಟರ್‌ಗಳ ಕಡೆಗೆ ಜಾಗ ಬದಲಾಯಿಸಿತು.

ಇಷ್ಟು ಹೊತ್ತಿಗೆ ಈ ಗೊಂದಲಗಳನ್ನೆಲ್ಲ ಒಂದೆಡೆ ಕೂತು ಯೋಚಿಸುವವರು ಹುಟ್ಟಿಕೊಂಡಿದ್ದರು. 1969ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಹೇಸ್ಟಿಂಗ್ಸ್ ಸೆಂಟರ್, 1971ರಲ್ಲಿ ಜಾರ್ಜ್‌ಟೌನ್ ವಿಶ್ವವಿದ್ಯಾಲಯದಲ್ಲಿ ಕೆನಡಿ ಸಂಸ್ಥೆ. ಬಯೋಎಥಿಕ್ಸ್ ಎಂಬ ಹೆಸರನ್ನು 1970ರಲ್ಲಿ ಚಲಾವಣೆಗೆ ತಂದವನು ವಿಸ್ಕಾನ್ಸಿನ್‌ನ ಜೀವರಸಾಯನ ವಿಜ್ಞಾನಿ ವ್ಯಾನ್ ರೆನ್ಸೆಲಾರ್ ಪಾಟರ್. ಅವನಿಗಿಂತ ಬಹಳ ಮೊದಲು, 1927ರಲ್ಲಿ, ಜರ್ಮನಿಯ ಹಾಲೆ ನಗರದ ಪಾದ್ರಿ ಫ್ರಿಟ್ಜ್ ಯಾರ್ ಅದನ್ನು ಬಳಸಿದ್ದ. ತಮಾಷೆಯೆಂದರೆ ಇಬ್ಬರಿಗೂ ಆಸ್ಪತ್ರೆ ಮುಖ್ಯವಾಗಿರಲಿಲ್ಲ. ಯಾರ್‌ಗೆ ಗಿಡ, ಪ್ರಾಣಿ, ಮನುಷ್ಯ ಸೇರಿದಂತೆ ಎಲ್ಲ ಜೀವಿಗಳ ಬಗೆಗಿನ ಹೊಣೆ ಬೇಕಿತ್ತು. ಪಾಟರ್‌ಗೆ ಭೂಮಿಯ ಮೇಲೆ ಮನುಕುಲ ಉಳಿಯುವ ದಾರಿ ಬೇಕಿತ್ತು. ಆಸ್ಪತ್ರೆ ಮತ್ತು ಪ್ರಯೋಗಾಲಯದ ತುರ್ತು ಅವರಿಬ್ಬರನ್ನೂ ಪಕ್ಕಕ್ಕೆ ಸರಿಸಿತು. ಕಾಡುಪ್ರಾಣಿಯಿಂದ ಮನುಷ್ಯನಿಗೆ ವೈರಾಣು ದಾಟುವ ಸುದ್ದಿ ಓದುವಾಗಲೆಲ್ಲ ಅವರನ್ನು ಅಷ್ಟು ಬೇಗ ಬದಿಗಿಡಬಾರದಿತ್ತು ಎನಿಸುತ್ತದೆ.

ಟಸ್ಕೀಗಿಯ ಸುದ್ದಿ ಎಬ್ಬಿಸಿದ ಸಿಟ್ಟಿನಿಂದ 1974ರಲ್ಲಿ ಅಮೆರಿಕದಲ್ಲಿ ಒಂದು ರಾಷ್ಟ್ರೀಯ ಆಯೋಗ ರಚನೆಯಾಯಿತು. ಅದರ 11 ಸದಸ್ಯರಲ್ಲಿ ಮಾನವ ಪ್ರಯೋಗ ನಡೆಸಿದ ಅನುಭವದವರು ಐವರಿಗಿಂತ ಹೆಚ್ಚಿರಕೂಡದು ಎಂದು ಕಾನೂನೇ ಹೇಳಿತ್ತು. ಅಂದರೆ ಬಹುಮತ ಹೊರಗಿನವರದ್ದು. ನನ್ನ ಕಣ್ಣಿಗೆ ಇಡೀ ಇತಿಹಾಸದ ತಿರುವು ಈ ಒಂದು ಷರತ್ತಿನಲ್ಲಿದೆ. ಬೆಲ್ಮಾಂಟ್ ಎಂಬ ಭವನದಲ್ಲಿ ಸಭೆ ಸೇರಿ ಅವರು ರೂಪಿಸಿದ ವರದಿ 1979ರಲ್ಲಿ ಪ್ರಕಟವಾಯಿತು. ಅದು ಹೇಳಿದ ತತ್ವಗಳು ಮೂರು: ವ್ಯಕ್ತಿಗೆ ಗೌರವ, ಹಿತಸಾಧನೆ, ನ್ಯಾಯ. ಅದೇ ವರ್ಷ ಟಾಮ್ ಬೀಚಂ ಮತ್ತು ಜೇಮ್ಸ್ ಚಿಲ್ಡ್ರೆಸ್ ತಮ್ಮ ಗ್ರಂಥದಲ್ಲಿ ಇವನ್ನು ನಾಲ್ಕಾಗಿ ಬಿಡಿಸಿದರು: ರೋಗಿಯ ಸ್ವನಿರ್ಧಾರವನ್ನು ಗೌರವಿಸುವುದು, ಹಾನಿ ಮಾಡದಿರುವುದು, ಒಳಿತು ಮಾಡುವುದು, ನ್ಯಾಯ. ಈಗ ಪ್ರಪಂಚದ ಎಲ್ಲ ಕಡೆ ವೈದ್ಯ ವಿದ್ಯಾರ್ಥಿಗಳು ಬಾಯಿಪಾಠ ಮಾಡುವುದು ಈ ನಾಲ್ಕನ್ನೇ.

ಬಾಯಿಪಾಠ ಸುಲಭ. ಸ್ವನಿರ್ಧಾರ ಎಂಬುದು ಆಸ್ಪತ್ರೆಯ ಕಾರಿಡಾರಿನಲ್ಲಿ ಏನಾಗುತ್ತದೆ ನೋಡಿ. ಹತ್ತಿರದ ಬಂಧುವೊಬ್ಬರ ಶಸ್ತ್ರಚಿಕಿತ್ಸೆಯ ಹಿಂದಿನ ಸಂಜೆ ಒಪ್ಪಿಗೆ ಪತ್ರ ನಮ್ಮ ಕೈಗೆ ಬಂತು. ಸಣ್ಣ ಅಕ್ಷರದ ಪುಟಗಳು. ಎಲ್ಲೆಲ್ಲಿ ಸಹಿ ಬೇಕೋ ಅಲ್ಲಲ್ಲಿ ಪೆನ್ಸಿಲ್‌ನಿಂದ ಗುರುತು. ತಂದುಕೊಟ್ಟ ಸಿಬ್ಬಂದಿ ಪತ್ರದ ಕಡೆ ನೋಡಲಿಲ್ಲ, ಗುರುತಿನ ಕಡೆ ಬೆರಳು ತೋರಿಸಿದರು. ರೋಗಿಯನ್ನು ಯಾರೂ ಏನೂ ಕೇಳಲಿಲ್ಲ, ಪೆನ್ನು ಬಂದದ್ದು ನನ್ನ ಕೈಗೆ. ರಾತ್ರಿ ಅರಿವಳಿಕೆ ನೀಡುವ ವೈದ್ಯೆ ಬಂದರು. ಹಾಸಿಗೆಯ ಅಂಚಿನಲ್ಲಿ ಕೂತು, ರೋಗಿಯನ್ನೇ ನೋಡುತ್ತ, "ನಾಳೆ ನಿಮಗೆ ಏನು ಮಾಡುತ್ತಾರೆ ಅಂತ ನೀವೇ ನನಗೆ ಹೇಳಿ ನೋಡೋಣ" ಎಂದರು. ಅವರು ತಡವರಿಸುತ್ತ ಹೇಳಿದರು, ಅರ್ಧ ತಪ್ಪು. ವೈದ್ಯೆ ತಿದ್ದಿದರು, ಮತ್ತೆ ಹೇಳಿಸಿದರು. ಸಮ್ಮತಿ ಸಿಕ್ಕಿದ್ದು ಆಗ. ಸಹಿ ಮಾಡಿದ ಕಾಗದ ಆಸ್ಪತ್ರೆಯ ಕಡತಕ್ಕೆ, ಮುಂದೊಂದು ದಿನ ದಾವೆ ಬಿದ್ದರೆ ವಕೀಲರಿಗೆ.

ನಾಲ್ಕು ತತ್ವಗಳು ಒಂದರ ಪಕ್ಕ ಒಂದು ಸೌಮ್ಯವಾಗಿ ಕೂರುತ್ತವೆ ಎಂದುಕೊಂಡವರು ಡಾಕ್ಸ್ ಕೊವಾರ್ಟ್‌ನ ಪ್ರಕರಣ ಓದಬೇಕು. 1973ರಲ್ಲಿ ಟೆಕ್ಸಾಸ್‌ನಲ್ಲಿ ಅನಿಲ ಸ್ಫೋಟವಾಗಿ ಅವನ ತಂದೆ ಸತ್ತರು. ವಾಯುಪಡೆಯಲ್ಲಿ ವಿಮಾನ ಹಾರಿಸಿದ್ದ 25ರ ಹರೆಯದ ಅವನು ದೇಹದ ಸುಮಾರು ಮೂರನೇ ಎರಡು ಭಾಗ ಸುಟ್ಟುಕೊಂಡ, ಕಣ್ಣು ಕಳೆದುಕೊಂಡ, ಬೆರಳುಗಳು ಹೋದವು. ಸೋಂಕು ತಡೆಯಲು ದಿನವೂ ಔಷಧಿಯ ನೀರಿನ ತೊಟ್ಟಿಯಲ್ಲಿ ಅವನನ್ನು ಇಳಿಸಬೇಕು. ಆ ನೋವನ್ನು ಅವನು ಜೀವಂತ ಚರ್ಮ ಸುಲಿದಂತೆ ಎಂದ. ಸಾಯಲು ಬಿಡಿ ಎಂದು ಮತ್ತೆ ಮತ್ತೆ ಕೇಳಿದ. ಅವನ ಬುದ್ಧಿ ಸ್ಥಿಮಿತದಲ್ಲಿದೆ ಎಂದು ಮನೋವೈದ್ಯರೂ ಹೇಳಿದರು. ತಾಯಿ ಚಿಕಿತ್ಸೆಗೆ ಒಪ್ಪಿದ್ದರಿಂದ, ವೈದ್ಯರು ನಿಲ್ಲಿಸಲಿಲ್ಲ. ಅವನು ಬದುಕಿದ. ಕಾನೂನು ಓದಿ ವಕೀಲನಾದ, ಮದುವೆಯಾದ, ಬದುಕು ಚೆನ್ನಾಗಿದೆ ಎಂದೂ ಹೇಳಿದ. ಹೇಗೂ ಬದುಕಿ ಸುಖವಾಗಿದ್ದೀಯಲ್ಲ, ಹಾಗಾದರೆ ವೈದ್ಯರು ಮಾಡಿದ್ದು ಸರಿ ತಾನೇ ಎಂದು ಜನ ಕೇಳುತ್ತಿದ್ದರು. ಇಲ್ಲ ಎನ್ನುತ್ತಿದ್ದ. 2019ರಲ್ಲಿ ಸಾಯುವವರೆಗೂ ಆ ಮಾತಿನಿಂದ ಕದಲಲಿಲ್ಲ.

ನಾನು ಈ ಪ್ರಕರಣದ ಬಗ್ಗೆ ಎರಡೂ ಕಡೆ ವಾದಿಸಬಲ್ಲೆ. ತೀವ್ರ ನೋವಿನ ನಡುವೆ ಕೇಳಿದ ಸಾವನ್ನು ಮೊದಲ ವಾರದಲ್ಲೇ ಕೊಟ್ಟುಬಿಡಬೇಕೆಂದು ನನಗೆ ಅನಿಸುವುದಿಲ್ಲ. ಆದರೆ ತಿಂಗಳುಗಳ ನಂತರವೂ, ಅದೇ ಮನುಷ್ಯ ಅದೇ ಕಾರಣಗಳನ್ನು ಕೊಟ್ಟು ಅದನ್ನೇ ಕೇಳುತ್ತಿದ್ದರೆ, ಅವನ ಫಲಿತಾಂಶವನ್ನು ಮುಂದಿಟ್ಟುಕೊಂಡು ಅವನ ಮಾತನ್ನು ಅಳೆಯುವುದು ಸರಿಯಲ್ಲ. ನೋವು ಅನುಭವಿಸಿದವನು ಅವನು, ಅದು ಸಾರ್ಥಕವಾಯಿತೇ ಎಂದು ಹೇಳಬೇಕಾದವನೂ ಅವನೇ. ನಾಲ್ಕು ತತ್ವಗಳು ಇಲ್ಲಿ ಉತ್ತರ ಕೊಡುವುದಿಲ್ಲ. ಯಾವ ತತ್ವವನ್ನು ಕೈಬಿಡುತ್ತಿದ್ದೀರಿ ಎಂದು ಬಾಯಿಬಿಟ್ಟು ಹೇಳುವಂತೆ ಮಾಡುತ್ತವೆ. ನಿನ್ನ ಒಳ್ಳೆಯದಕ್ಕೇ ಎಂಬ ಒಂದು ವಾಕ್ಯದಲ್ಲಿ ಮುಗಿಸಿಬಿಡಲು ಇನ್ನು ಸಾಧ್ಯವಿಲ್ಲ. ಸ್ವನಿರ್ಧಾರಕ್ಕೆ ಇಷ್ಟು ಒತ್ತು ಕೊಡುವುದು ಮನುಷ್ಯನನ್ನು ಒಂಟಿ ದ್ವೀಪವಾಗಿ ನೋಡಿದಂತೆ, ಕುಟುಂಬ ಸಂಬಂಧಗಳನ್ನು ಮರೆತಂತೆ ಎಂಬ ಟೀಕೆಯೂ ಹಳೆಯದೇ. ಅದರಲ್ಲಿ ಹುರುಳಿದೆ. ಆದರೆ ಕೊವಾರ್ಟ್‌ನ ತೊಟ್ಟಿಗೆ ಸಹಿ ಬಿದ್ದದ್ದೂ ಕುಟುಂಬದಿಂದಲೇ.

ನ್ಯಾಯದ ತತ್ವಕ್ಕೆ ಬೇರೆಯದೇ ಚರಿತ್ರೆ. ಬಡವರ ವಾರ್ಡಿನಲ್ಲಿ ಪ್ರಯೋಗ, ಹಣವಂತರ ಕೊಠಡಿಗೆ ಅದರ ಫಲ ಎಂಬ ಹಳೆಯ ಪದ್ಧತಿಯನ್ನು ಬೆಲ್ಮಾಂಟ್ ವರದಿ ನೇರವಾಗಿ ಎತ್ತಿ ತೋರಿಸಿತು. ಆದ್ದರಿಂದ ಮೊದಲಿಗೆ ನ್ಯಾಯ ಎಂದರೆ ದುರ್ಬಲರನ್ನು ಪ್ರಯೋಗದಿಂದ ದೂರ ಇಡುವುದು ಎಂದಾಯಿತು. 1977ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಗರ್ಭಿಣಿಯಾಗಬಹುದಾದ ವಯಸ್ಸಿನ ಹೆಂಗಸರನ್ನು ಆರಂಭಿಕ ಹಂತದ ಔಷಧ ಪ್ರಯೋಗಗಳಿಂದ ಹೊರಗಿಡಲು ಹೇಳಿತು. ರಕ್ಷಣೆಯ ಹೆಸರಿನಲ್ಲಿ ಆದದ್ದೇನೆಂದರೆ, ಹೆಂಗಸರ ದೇಹದಲ್ಲಿ ಔಷಧ ಹೇಗೆ ವರ್ತಿಸುತ್ತದೆ, ಎಷ್ಟು ಪ್ರಮಾಣ ಸಾಕು ಎಂಬುದನ್ನು ನೋಡದೆಯೇ ಅವರಿಗೂ ಅದನ್ನು ಬರೆದುಕೊಡುವ ಸ್ಥಿತಿ. 1993ರಲ್ಲಿ ಆ ನಿರ್ಬಂಧ ತೆಗೆದರು. ನಡುವೆ ಏಡ್ಸ್ ರೋಗಿಗಳು ಬೀದಿಗಿಳಿದು, ನಮ್ಮನ್ನು ಪ್ರಯೋಗದಿಂದ ಕಾಪಾಡಬೇಡಿ, ಪ್ರಯೋಗದೊಳಗೆ ಸೇರಿಸಿಕೊಳ್ಳಿ ಎಂದು ಕೂಗಿದ್ದರು. ಟಸ್ಕೀಗಿಯ ನೆನಪಿನಲ್ಲಿ ಕಟ್ಟಿದ ಗೋಡೆಯ ಹೊರಗೆ ನಿಂತು ಬೇರೆ ರೋಗಿಗಳು ಬಾಗಿಲು ಬಡಿಯುತ್ತಿದ್ದರು.

ಅಮೆರಿಕದ ನಿಯಮದಂತೆ ಈಗ ಸಂಶೋಧನೆಯನ್ನು ಪರಿಶೀಲಿಸುವ ನೀತಿ ಸಮಿತಿಯಲ್ಲಿ ಕನಿಷ್ಠ ಐವರಿರಬೇಕು. ಅವರಲ್ಲಿ ಒಬ್ಬರಾದರೂ ವಿಜ್ಞಾನಿಯಲ್ಲದವರು, ಒಬ್ಬರಾದರೂ ಆ ಸಂಸ್ಥೆಗೆ ಸಂಬಂಧವಿಲ್ಲದವರು. ಬಹಳ ದೇಶಗಳಲ್ಲಿ ಇದೇ ಬಗೆಯ ಏರ್ಪಾಡಿದೆ. ಐವರ ನಡುವೆ ಕೂತ ಒಬ್ಬ ಹೊರಗಿನವರು ದಪ್ಪ ಕಡತದ ತಾಂತ್ರಿಕ ಭಾಷೆಗೆ ಹೆದರಿ ತಲೆಯಾಡಿಸಿ ಬರುವುದೇ ಹೆಚ್ಚೇನೋ ಎಂಬ ಗುಮಾನಿ ನನಗಿದೆ. ಹಾಗಿದ್ದರೂ ಅವರು ಅಲ್ಲಿ ಕೂತಿದ್ದಾರೆ ಎಂಬ ಕಾರಣಕ್ಕೇ, ರೋಗಿಗೆ ಕೊಡುವ ಪತ್ರವನ್ನು ಅವರಿಗೆ ಅರ್ಥವಾಗುವಂತೆ ಬರೆಯಬೇಕಾಗುತ್ತದೆ.

ಅಥವಾ ಆ ಸಮಿತಿಯನ್ನೇ ಖೋಟಾ ಮಾಡಬೇಕಾಗುತ್ತದೆ. 2018ರ ನವೆಂಬರ್‌ನಲ್ಲಿ ಚೀನಾದ ವಿಜ್ಞಾನಿ ಹೆ ಜಿಯಾನ್‌ಕುಯಿ, ಭ್ರೂಣದಲ್ಲೇ ವಂಶವಾಹಿಯನ್ನು ತಿದ್ದಿ ಅವಳಿ ಹೆಣ್ಣುಮಕ್ಕಳನ್ನು ಹುಟ್ಟಿಸಿರುವುದಾಗಿ ಪ್ರಕಟಿಸಿದ. ತಂದೆಗೆ ಎಚ್‌ಐವಿ ಇತ್ತು. ಮಕ್ಕಳಿಗೆ ಆ ಸೋಂಕು ತಗುಲದಂತೆ ಸಿಸಿಆರ್5 ಎಂಬ ವಂಶವಾಹಿಯನ್ನು ಕೆಡಿಸಲು ನೋಡಿದ್ದ. ತಂದೆಯಿಂದ ಸೋಂಕು ದಾಟದಂತೆ ವೀರ್ಯವನ್ನು ತೊಳೆದು ಬಳಸುವ ಸರಳ ವಿಧಾನ ಆಗಲೇ ಇದ್ದದ್ದರಿಂದ ತಿದ್ದುವ ಅಗತ್ಯವೇ ಇರಲಿಲ್ಲ. ಸಮ್ಮತಿ ಪತ್ರವಿತ್ತು, ಪುಟಗಟ್ಟಲೆ. ಅದರಲ್ಲಿ ಯೋಜನೆಯನ್ನು ಕರೆದದ್ದು ಏಡ್ಸ್ ಲಸಿಕೆ ಅಭಿವೃದ್ಧಿ ಯೋಜನೆ ಎಂದು. ನೀತಿ ಸಮಿತಿಯ ಒಪ್ಪಿಗೆ ಪತ್ರ ನಕಲಿ ಎಂದು 2019ರ ಡಿಸೆಂಬರ್‌ನಲ್ಲಿ ನ್ಯಾಯಾಲಯ ಕಂಡುಕೊಂಡು ಅವನಿಗೆ ಮೂರು ವರ್ಷ ಜೈಲು ವಿಧಿಸಿತು. ಮೂರನೆಯ ಮಗುವೂ ಹುಟ್ಟಿತ್ತು.

ತಿದ್ದುಪಡಿ ಅಂದುಕೊಂಡ ಜಾಗದಲ್ಲೇ ಆಗಿದೆಯೇ, ಬೇರೆಲ್ಲಾದರೂ ಕತ್ತರಿ ಬಿದ್ದಿದೆಯೇ ಎಂದು ತಿಳಿಯಲು ಆ ಮಕ್ಕಳನ್ನು ಬೆಳೆಯುತ್ತ ಹೋದಂತೆ ಪರೀಕ್ಷಿಸುತ್ತಿರಬೇಕು. ಪರೀಕ್ಷಿಸಿದರೆ ಅವರು ಬಾಲ್ಯವಿಡೀ ಒಂದು ಪ್ರಯೋಗದ ಸಾಮಗ್ರಿಯಾಗಿಯೇ ಇರುತ್ತಾರೆ. ಪರೀಕ್ಷಿಸದಿದ್ದರೆ ಬರಬಹುದಾದ ಕಾಯಿಲೆಯ ಸುಳಿವನ್ನು ಕೈಯಾರೆ ಬಿಟ್ಟಂತೆ. 2022ರಲ್ಲಿ ಚೀನಾದ ಇಬ್ಬರು ನೀತಿಶಾಸ್ತ್ರಜ್ಞರು ಆ ಮಕ್ಕಳ ಆರೈಕೆಗೆಂದೇ ಪ್ರತ್ಯೇಕ ಕೇಂದ್ರ ಬೇಕು ಎಂದು ಸರ್ಕಾರವನ್ನು ಕೇಳಿದರು. ಅದೇ ಆ ಮಕ್ಕಳಿಗೆ ಹಣೆಪಟ್ಟಿ ಹಚ್ಚುತ್ತದೆ ಎಂದು ಬೇರೆಯವರು ಆಕ್ಷೇಪಿಸಿದರು. ಅವಳಿಗಳಿಗೆ 18 ತುಂಬುವುದು 2036ರಲ್ಲಿ. ಅಷ್ಟರೊಳಗೆ ತಮ್ಮ ಹುಟ್ಟಿನ ಸಂಗತಿ ಅವರಿಗೆ ತಿಳಿಯಬೇಕೇ, ಯಾವ ವಯಸ್ಸಿಗೆ, ಯಾರ ಬಾಯಿಂದ? ತಿಳಿಯಬೇಕು, ಮೊದಲ ಪರೀಕ್ಷೆಗೆ ಯಾಕೆ ಕರೆದೊಯ್ಯುತ್ತಿದ್ದೀರಿ ಎಂದು ಅವರು ಕೇಳಿದ ದಿನವೇ, ಅವರ ವಯಸ್ಸಿಗೆ ಎಟಕುವ ಮಾತಿನಲ್ಲಿ ಎಂಬುದು ನನ್ನ ನಿಲುವು. ಅವರ ಅಪ್ಪ ಅಮ್ಮ ಇದನ್ನು ಒಪ್ಪದಿರಬಹುದು. ಅವರೂ ತಪ್ಪು ಹೆಸರಿನ ಒಂದು ಪತ್ರಕ್ಕೆ ಸಹಿ ಹಾಕಿದವರೇ, ಮಕ್ಕಳಿಗೆ ಅವರು ವಿವರಿಸಬೇಕಾದದ್ದು ಅದನ್ನೂ ಸೇರಿಸಿ.